ಋಣಾನುಬಂಧವೂ ಋಣವೂ: ಸೈನಿಕನ ಮನೆಗೆ ದಿವಾಳಿ ಬಂದಾಗ

ಗಂಡಹೆಂಡಿರ ಸಂಬಂಧವನ್ನು ನಮ್ಮವರು ಋಣಾನುಬಂಧವೆಂದು ಕರೆಯುತ್ತ ಬಂದಿದ್ದಾರೆ. ಒಬ್ಬರ ಸುಖದುಃಖಗಳಲ್ಲಿ ಮತ್ತೊಬ್ಬರಿಗೂ ಪಾಲುಂಟೆಂಬ ನಂಬಿಕೆಯ ಮೇಲೆಯೇ ಸಂಸಾರಗಳು ನಿಂತಿವೆ. ಆದರೆ ಸಾಹುಕಾರನ ವಹಿಯಲ್ಲಿಯೋ ಬ್ಯಾಂಕಿನ ಕಡತದಲ್ಲಿಯೋ ಬರೆದಿಟ್ಟ ಋಣವು ಈ ಅನುಬಂಧದ ದಾರಿ ಹಿಡಿದು ತಾನಾಗಿಯೇ ಹೆಂಡತಿಯಿಂದ ಗಂಡನಿಗೆ, ಗಂಡನಿಂದ ಹೆಂಡತಿಗೆ ದಾಟುವುದೇ, ದಾಟುವುದಾದರೆ ಯಾವ ಬಾಗಿಲಿನಿಂದ ದಾಟುವುದು, ಎಂಬುದನ್ನು ಸಾವಧಾನವಾಗಿ ಕುಳಿತು ವಿಚಾರಮಾಡುವ ಪ್ರಸಂಗ ಬಹುಮಂದಿಗೆ ಒದಗುವುದು ನ್ಯಾಯಾಲಯದ ಅಮೀನನು ಹೊಸ್ತಿಲಿಗೆ ಬಂದು ನಿಂತ ಮೇಲೆಯೇ. ಆ ವೇಳೆಗೆ ವಿಚಾರಕ್ಕೆ ಸಮಯವೂ ಇರದು, ಮನಸ್ಸಿಗೆ ಸಮಾಧಾನವೂ ಇರದು. ಮನೆಯ ಯಜಮಾನನು ಗಡಿಯ ಠಾಣ್ಯದಲ್ಲಿರತಕ್ಕ ಸೈನಿಕನಾಗಿದ್ದರಂತೂ ಕೇಳುವುದಕ್ಕೆ ಪಕ್ಕದಲ್ಲಿ ಮನುಷ್ಯನೂ ಇರುವುದಿಲ್ಲ. ಆದುದರಿಂದ ಈ ವಿಷಯವನ್ನು, ಅದು ಮನೆಯ ಕದ ತಟ್ಟುವುದಕ್ಕೆ ಮುಂಚೆಯೇ, ಸ್ವಲ್ಪ ಬಿಡಿಸಿ ನೋಡಬೇಕೆಂದು ನನ್ನ ಆಸೆ.

ಕರ್ನಾಟಕಕ್ಕೆ ಸೈನಿಕರ ಮನೆ ಅಪರಿಚಿತವಾದುದಲ್ಲ. 1949ರ ಜನವರಿ 15ರಂದು ಭಾರತೀಯ ಸೇನೆಯ ಆಧಿಪತ್ಯವನ್ನು ಭಾರತೀಯರಲ್ಲಿ ಮೊದಲಿಗರಾಗಿ ವಹಿಸಿಕೊಂಡ ಕಾರ್ಯಪ್ಪನವರ ಕೊಡಗು ಒಂದು ಕಡೆ. ಮರಾಠಾ ಲಘು ಪದಾತಿದಳದ ಕೇಂದ್ರವಿರುವ ಬೆಳಗಾವಿ ಮತ್ತೊಂದು ಕಡೆ. ಮದ್ರಾಸ್ ಸ್ಯಾಪರ್ಸ್ ದಳದ ನೆಲೆಯಾದ ಬೆಂಗಳೂರಿನ ಹಲಸೂರು ಇನ್ನೊಂದು ಕಡೆ. ಇವುಗಳ ನಡುವೆ ಹಾವೇರಿ, ಗದಗ, ಬಾಗಲಕೋಟೆಯ ಸೀಮೆಗಳಲ್ಲಿ "ಮಿಲ್ಟ್ರಿಯವರ ಮನಿ" ಎಂದು ಊರವರು ಬೆರಳು ತೋರಿಸಿ ಹೇಳುವ ಮನೆಗಳು ಎಷ್ಟೋ ಇವೆ. ಆ ಮಾತಿನಲ್ಲಿ ಗೌರವವಿದೆ. ಗೌರವದೊಡನೆ ಒಂದು ಲೆಕ್ಕಾಚಾರವೂ ಇದೆ. ತಿಂಗಳು ತುಂಬಿದೊಡನೆ ತಪ್ಪದೆ ಬರುವ ಸರಕಾರಿ ಪಗಾರವುಳ್ಳ ಮನೆಗೆ ಕೊಟ್ಟ ಹಣ ಎಲ್ಲಿಗೂ ಹೋಗದು ಎಂಬುದೇ ಆ ಲೆಕ್ಕಾಚಾರ. ಮಳೆಯನ್ನು ನಂಬಿ ಬದುಕುವ ರೈತನಿಗೆ ನೂರು ಪ್ರಶ್ನೆ ಕೇಳುವ ಸಾಹುಕಾರನು ಸೈನಿಕನ ಹೆಂಡತಿಗೆ ಹತ್ತು ಪ್ರಶ್ನೆಯನ್ನೂ ಕೇಳುವುದಿಲ್ಲ. ಆದರೆ ಯಾವ ಪಗಾರವನ್ನು ನಂಬಿ ಅವನು ಸಾಲ ಕೊಡುವನೋ ಆ ಪಗಾರವನ್ನು ಸಾಲದ ಡಿಕ್ರಿಗಾಗಿ ಯಾವ ಸಿವಿಲ್ ನ್ಯಾಯಾಲಯವೂ ಜಫ್ತಿ ಮಾಡಲಾರದೆಂಬುದು ಈ ದೇಶದ ಶಾಸನ. ಈ ನಂಬಿಕೆಗೂ ಈ ಶಾಸನಕ್ಕೂ ನಡುವೆ ಇರುವ ಅಂತರದಲ್ಲಿಯೇ ಸೈನಿಕ ಕುಟುಂಬದ ದಿವಾಳಿಯ ಕಥೆಯೆಲ್ಲ ಅಡಗಿದೆ.

ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಇಂಥ ಮನೆಗಳನ್ನು ಕಂಡವರಿಗೆ ಅದು ಬರಿಯ ಕಲ್ಪನೆಯೆಂದು ತೋರಲಾರದು. ಗಂಡ ಲಡಾಖಿನಲ್ಲಿ ಹವಾಲ್ದಾರ. ಹೆಂಡತಿ ಹಾವೇರಿಯ ಕಡೆಯ ಒಂದು ದೊಡ್ಡ ಹಳ್ಳಿಯಲ್ಲಿ ಅತ್ತೆಯೊಡನೆ, ಇಬ್ಬರು ಮಕ್ಕಳೊಡನೆ ಇದ್ದಾಳೆ. ಸುಮ್ಮನೆ ಕುಳಿತಿರಲೊಲ್ಲದ ಸ್ವಾಭಿಮಾನಿ ಹೆಂಗಸು. ಹೊಲಿಗೆಯ ಯಂತ್ರ ನಾಲ್ಕನ್ನು ಸಾಲದಲ್ಲಿ ಕೊಂಡು ಅಂಗಡಿಯಿಟ್ಟಳು. ಓಣಿಯ ಹೆಂಗಸರನ್ನು ಸೇರಿಸಿ ಚೀಟಿ ನಡೆಸಿದಳು. ಚೀಟಿ ಎತ್ತಿಕೊಂಡ ಇಬ್ಬರು ಊರು ಬಿಟ್ಟು ಹೋದರು. ಉಳಿದವರಿಗೆ ಮಾತು ತಪ್ಪಬಾರದೆಂದು ಬೇರೆ ಕಡೆ ಬಡ್ಡಿಗೆ ತಂದು ಕೊಟ್ಟಳು. ಆ ಬಡ್ಡಿಯನ್ನು ತೀರಿಸುವುದಕ್ಕೆ ಮತ್ತೊಂದು ಕಡೆ ತಂದಳು. ರಾತ್ರಿ ಗಂಡನ ಫೋನು ಬಂದಾಗಲೆಲ್ಲ ಅವಳ ಬಾಯಿಂದ ಬರುವ ಮಾತು ಒಂದೇ: "ಎಲ್ಲಾ ಆರಾಮ ಐತ್ರಿ, ನೀವು ಹುಷಾರ ಇರ್ರಿ." ಕೊನೆಗೊಂದು ದಿನ ತಾಲ್ಲೂಕು ಕೋರ್ಟಿನ ವಕೀಲರು, "ತಂಗಿ, ಪಾಪರ್ ಅರ್ಜಿ ಹಾಕಿಬಿಡು, ಬ್ಯಾರೆ ದಾರಿ ಇಲ್ಲ" ಎಂದು ಹೇಳುತ್ತಾರೆ. ಅವಳ ಮನಸ್ಸಿನಲ್ಲಿ ಆಗ ಏಳುವ ಮೊದಲನೆಯ ಪ್ರಶ್ನೆ ತನ್ನ ಗತಿಯೇನೆಂಬುದಲ್ಲ; ಇದರಿಂದ ಅವರ ನೌಕರಿಗೆ ಏನಾದರೂ ಆದೀತೇ ಎಂಬುದು.

ಪಾಪರ್ ಚೀಟಿಯೆಂದು ಜನ ಕರೆಯುವ ಈ ವ್ಯವಸ್ಥೆ ನಮ್ಮಲ್ಲಿ ಇಂದಿಗೂ ನಡೆಯುತ್ತಿರುವುದು 1920ರ ಪ್ರಾಂತೀಯ ದಿವಾಳಿ ಶಾಸನವೆಂಬ ನೂರು ವರ್ಷ ದಾಟಿದ ಕಾನೂನಿನ ಪ್ರಕಾರ. ಕಲ್ಕತ್ತಾ, ಮುಂಬಯಿ, ಮದರಾಸು ಎಂಬ ಮೂರು ಪಟ್ಟಣಗಳಿಗೆ 1909ರ ಪ್ರತ್ಯೇಕ ಶಾಸನವಿದೆ. ಸಾಲ ತೀರಿಸಲಾರದವನು ತಾನು ವಾಸವಾಗಿರುವ ಅಥವಾ ವ್ಯಾಪಾರ ನಡೆಸುವ ಸ್ಥಳದ ನ್ಯಾಯಾಲಯಕ್ಕೆ ಅರ್ಜಿ ಕೊಡುತ್ತಾನೆ. ಸಾಲ ಕೊಟ್ಟವರೂ ಕೊಡಬಹುದು. ನ್ಯಾಯಾಲಯವು ಅವನನ್ನು ದಿವಾಳಿಯೆಂದು ನಿರ್ಣಯಿಸಿದೊಡನೆ ಅವನ ಆಸ್ತಿಯೆಲ್ಲವೂ ನ್ಯಾಯಾಲಯದ ಅಥವಾ ಅದು ನೇಮಿಸುವ ರಿಸೀವರನ ವಶಕ್ಕೆ ಹೋಗುತ್ತದೆ. ಆ ನಿರ್ಣಯ ರಾಜ್ಯಪತ್ರದಲ್ಲಿ ಪ್ರಕಟವಾಗುತ್ತದೆ. ಆ ಬಳಿಕ ಸಾಲ ಕೊಟ್ಟವರು ನ್ಯಾಯಾಲಯದ ಅಪ್ಪಣೆಯಿಲ್ಲದೆ ಅವನ ಮೇಲೆ ಬೇರೆ ಬೇರೆಯಾಗಿ ದಾವೆ ಹೂಡುವಂತಿಲ್ಲ. ರಿಸೀವರನು ಆಸ್ತಿಯನ್ನು ಮಾರಿ, ಬಂದುದನ್ನು ಎಲ್ಲರಿಗೂ ಪ್ರಮಾಣಾನುಸಾರವಾಗಿ ಹಂಚುತ್ತಾನೆ. ಅನಂತರ ನ್ಯಾಯಾಲಯ ಗೊತ್ತುಮಾಡಿದ ಅವಧಿಯೊಳಗೆ ವಿಮೋಚನೆಗಾಗಿ ಅರ್ಜಿ ಕೊಡಬೇಕು. ಕೊಡದೆ ಕುಳಿತರೆ ದಿವಾಳಿಯ ನಿರ್ಣಯವೇ ರದ್ದಾಗಿ, ಸಾಲದವರು ಮತ್ತೆ ಬಾಗಿಲಿಗೆ ಬರಬಹುದು. ಸರಕಾರಕ್ಕೆ ಸಲ್ಲತಕ್ಕ ಹಣ, ಮೋಸದಿಂದ ಮಾಡಿದ ಸಾಲ, ಹೆಂಡತಿಮಕ್ಕಳ ಜೀವನಾಂಶ ಮೊದಲಾದವು ವಿಮೋಚನೆಯಿಂದಲೂ ಬಿಡುಗಡೆಯಾಗುವುದಿಲ್ಲ. ವಿಮೋಚನೆಯಾಗುವವರೆಗೆ ದಿವಾಳಿಯಾದವನು ತಾನು ದಿವಾಳಿಯೆಂಬುದನ್ನು ತಿಳಿಸದೆ ಐವತ್ತು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಸಾಲ ಪಡೆಯುವುದು ಮೂಲ ಶಾಸನದ ಪ್ರಕಾರ ಶಿಕ್ಷಾರ್ಹ. ಸ್ಥಳೀಯ ಸಂಸ್ಥೆಗೆ ಚುನಾಯಿತನಾಗುವ ಅರ್ಹತೆಯೂ ಇರುವುದಿಲ್ಲ. 1920ರ ಐವತ್ತು ರೂಪಾಯಿಗೆ ಇಂದು ಒಂದು ಸಂತೆಯ ಚೀಲವೂ ತುಂಬದು. ಕಾನೂನು ಮಾತ್ರ ಅಲ್ಲಿಯೇ ನಿಂತಿದೆ.

ಇಲ್ಲಿ ಮೊದಲು ಸಮಾಧಾನದ ಸಂಗತಿಗಳನ್ನು ಹೇಳಿಬಿಡುತ್ತೇನೆ, ಏಕೆಂದರೆ ಭಯದಲ್ಲಿರುವವರಿಗೆ ಮೊದಲು ಬೇಕಾದುದು ಅದು. ಹೆಂಡತಿ ದಿವಾಳಿಯಾದಳೆಂದು ಗಂಡ ದಿವಾಳಿಯಾಗುವುದಿಲ್ಲ. ನಮ್ಮ ಕಾನೂನಿನಲ್ಲಿ ಮದುವೆಯ ಕಾರಣದಿಂದಲೇ ಒಬ್ಬರ ಸಾಲ ಮತ್ತೊಬ್ಬರ ಸಾಲವಾಗುವುದಿಲ್ಲ. ಮನೆಗೆ ಅವಶ್ಯವಾದ ಅಕ್ಕಿ, ಬೇಳೆ, ಮಕ್ಕಳ ಬಟ್ಟೆಯನ್ನು ಅಂಗಡಿಯಿಂದ ಉದ್ರಿಯಾಗಿ ತಂದಿದ್ದರೆ, ಗಂಡನ ಪರವಾಗಿ ತಂದಳೆಂಬ ಭಾವನೆಯಿಂದ ಅದು ಗಂಡನ ಹೊಣೆಯಾಗಬಹುದು. ಆದರೆ ಅವಳ ವ್ಯಾಪಾರದ ಸಾಲ ಅವಳದು. ಹಣದ ಡಿಕ್ರಿಗಾಗಿ ಹೆಂಗಸನ್ನು ಬಂಧಿಸಿ ಸೆರೆಯಲ್ಲಿಡುವುದನ್ನು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೆಯ ಪ್ರಕರಣ ಸ್ಪಷ್ಟವಾಗಿ ನಿಷೇಧಿಸಿದೆ. ಆದುದರಿಂದ "ನಿನ್ನ ಜೈಲಿಗೆ ಹಾಕಸ್ತೀವಿ" ಎಂದು ವಸೂಲಿಗೆ ಬಂದವನು ಹೆದರಿಸಿದರೆ ಆ ಮಾತಿಗೆ ಆಧಾರವಿಲ್ಲ. ಅದೇ ಸಂಹಿತೆಯ 60ನೆಯ ಪ್ರಕರಣವು ಸಾಲಗಾರನ, ಅವನ ಹೆಂಡತಿ ಮಕ್ಕಳ ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ ಹೊದಿಕೆಗಳನ್ನೂ, ಧರ್ಮಾಚಾರದ ಪ್ರಕಾರ ಹೆಂಗಸು ಮೈಮೇಲಿಂದ ತೆಗೆಯಲಾಗದ ಆಭರಣವನ್ನೂ ಜಫ್ತಿಯಿಂದ ಬಿಟ್ಟಿದೆ. ದಿವಾಳಿಯ ಶಾಸನವೂ ಹೀಗೆ ಬಿಟ್ಟುದನ್ನು ರಿಸೀವರನಿಗೆ ಒಪ್ಪಿಸುವುದಿಲ್ಲ. ಮಾಂಗಲ್ಯವನ್ನು ಯಾರೂ ಮುಟ್ಟುವಂತಿಲ್ಲ. ಬಳೆ, ನೆಕ್ಲೇಸು, ತವರಿನಿಂದ ಬಂದ ಬಂಗಾರದ ಮಾತು ಬೇರೆ. ಸ್ತ್ರೀಧನ ಹೆಂಡತಿಯ ಸ್ವಂತದ್ದು, ಅದರಲ್ಲಿ ಗಂಡನಿಗೆ ಹಕ್ಕಿಲ್ಲ ಎಂಬುದನ್ನು 1985ರಲ್ಲಿ ಪ್ರತಿಭಾ ರಾಣಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ದೃಢಪಡಿಸಿತು. ಅವಳ ಸ್ವಂತದ್ದಾದುದರಿಂದಲೇ ಅವಳ ಸಾಲಕ್ಕೆ ಅದು ಹೊಣೆಯೂ ಆಗುತ್ತದೆ.

ಇನ್ನು ಸೈನಿಕನ ಪಗಾರ. 1950ರ ಸೇನಾ ಶಾಸನದ 28ನೆಯ ಪ್ರಕರಣವು ಸೈನಿಕನ ಆಯುಧ, ಉಡುಪು, ಸಲಕರಣೆಗಳನ್ನು ವಶಪಡಿಸಿಕೊಳ್ಳಕೂಡದೆಂದೂ, ಅವನ ವೇತನ ಭತ್ಯಗಳನ್ನು ಸಿವಿಲ್ ಅಥವಾ ಕಂದಾಯ ನ್ಯಾಯಾಲಯದ ಡಿಕ್ರಿಗಾಗಿ ಜಫ್ತಿ ಮಾಡಕೂಡದೆಂದೂ ವಿಧಿಸುತ್ತದೆ. 29ನೆಯ ಪ್ರಕರಣವು ಸೇವೆಯಲ್ಲಿರುವವರೆಗೆ ಅವನನ್ನು ಸಾಲಕ್ಕಾಗಿ ಬಂಧಿಸಕೂಡದೆನ್ನುತ್ತದೆ. ಸಿವಿಲ್ ಸಂಹಿತೆಯ 60ನೆಯ ಪ್ರಕರಣವು ಭೂಸೇನೆ, ನೌಕಾಸೇನೆ, ವಾಯುಸೇನೆ ಈ ಮೂರರವರ ವೇತನಕ್ಕೂ ಅದೇ ರಕ್ಷೆಯನ್ನು ಕೊಡುತ್ತದೆ. ಸಾಮಾನ್ಯ ನೌಕರನ ಪಗಾರದಲ್ಲಿ ಮೊದಲ ಸಾವಿರ ರೂಪಾಯಿಯನ್ನೂ ಉಳಿದುದರ ಮೂರರಲ್ಲಿ ಎರಡು ಪಾಲನ್ನೂ ಬಿಟ್ಟು ಮಿಕ್ಕ ಪಾಲು ಜಫ್ತಿಗೆ ಒಳಗಾಗುತ್ತದೆ. ಸೈನಿಕನ ಪಗಾರದಲ್ಲಿ ಒಂದು ಕಾಸೂ ಆಗುವುದಿಲ್ಲ. ನಿವೃತ್ತನಾದ ಮೇಲೆ ಬರುವ ಪಿಂಚಣಿಗೆ 1871ರ ಪಿಂಚಣಿ ಶಾಸನದ ಕಾವಲಿದೆ. ಇದಕ್ಕಿಂತಲೂ ನನಗೆ ಮೆಚ್ಚಿಗೆಯಾದುದು 1976ರ ತಿದ್ದುಪಡಿಯಿಂದ 60ನೆಯ ಪ್ರಕರಣಕ್ಕೆ ಸೇರಿದ ಒಂದು ಸಣ್ಣ ವಾಕ್ಯ: ಈ ರಕ್ಷೆಯನ್ನು ಬಿಟ್ಟುಕೊಡುತ್ತೇನೆಂದು ಸಾಲಗಾರನು ಬರೆದುಕೊಟ್ಟ ಕರಾರು ಸಿಂಧುವಾಗದು. ಕಷ್ಟದಲ್ಲಿರುವವನು ಯಾವ ಕಾಗದಕ್ಕಾದರೂ ಸಹಿ ಹಾಕುತ್ತಾನೆಂಬುದನ್ನು ಅರಿತವರು ಬರೆದ ವಾಕ್ಯ ಅದು. ಪಗಾರದ ಈ ಕೋಟೆಗೆ ಶಾಸನವೇ ಇಟ್ಟ ಬಾಗಿಲೊಂದುಂಟು. ಅದು ಹೆಂಡತಿ ಮಕ್ಕಳಿಗಾಗಿ ಇರುವುದು. ಸೈನಿಕನು ಅವರನ್ನು ಸಾಕದೆ ಬಿಟ್ಟರೆ ಅವರ ಪೋಷಣೆಗೆ ಬೇಕಾದುದನ್ನು ಅವನ ವೇತನದಿಂದ ಮುರಿದುಕೊಡುವಂತೆ ಸೇನಾಧಿಕಾರಿಗಳೇ ಆಜ್ಞಾಪಿಸಬಹುದು.

ಹಾಗಾದರೆ ಈ ಕುಟುಂಬಕ್ಕೆ ಭಯವೇ ಇಲ್ಲವೆ? ಇದೆ. ಕೋಟೆ ಎಷ್ಟು ಗಟ್ಟಿಯೋ, ಕೋಟೆಯೊಳಗಿನವರು ತಾವೇ ತೆರೆದುಕೊಡುವ ಬಾಗಿಲುಗಳೂ ಅಷ್ಟೇ ಅಗಲ. ಪಗಾರವನ್ನು ಕೋರ್ಟಿನ ಮೂಲಕ ಮುಟ್ಟಲಾಗದೆಂಬುದು ಊರಿನ ಸಣ್ಣ ಸಾಹುಕಾರನಿಗೆ ತಿಳಿಯದಿರಬಹುದು. ಸಾಲ ಕೊಡುವುದನ್ನೇ ಕಸುಬಾಗಿ ಮಾಡಿಕೊಂಡವರಿಗೆ ಚೆನ್ನಾಗಿ ತಿಳಿದಿದೆ. ತಿಳಿದಿರುವುದರಿಂದಲೇ ಅವರು ಪಗಾರವನ್ನು ಬಿಟ್ಟು ಸಹಿಯನ್ನು ಕೇಳುತ್ತಾರೆ. ಗಂಡ ರಜೆಗೆ ಬಂದ ಹೊತ್ತು ನೋಡಿ, "ಬರೇ ಒಂದು ಸಹಿ, ಹೆಸರಿಗೆ ಅಷ್ಟ" ಎಂದು ಮುಂದೆ ಹಿಡಿಯುವ ಆ ಕಾಗದದಲ್ಲಿ ಅವನು ಸಹಸಾಲಗಾರನಾಗಿಯೋ ಜಾಮೀನುದಾರನಾಗಿಯೋ ಸೇರಿಬಿಡುತ್ತಾನೆ. 1872ರ ಕರಾರು ಶಾಸನದ 128ನೆಯ ಪ್ರಕರಣದ ಪ್ರಕಾರ, ಕರಾರಿನಲ್ಲಿ ಬೇರೆ ಬಗೆಯಾಗಿ ಬರೆದಿಲ್ಲದಿದ್ದರೆ, ಜಾಮೀನುದಾರನ ಹೊಣೆ ಮೂಲ ಸಾಲಗಾರನ ಹೊಣೆಯಷ್ಟೇ ವ್ಯಾಪಕವಾದುದು. ಮೊದಲು ಅವಳಿಂದ ವಸೂಲುಮಾಡಿ ಉಳಿದುದಕ್ಕೆ ನನ್ನ ಬಳಿಗೆ ಬನ್ನಿ ಎಂದು ಹೇಳುವ ಹಕ್ಕೂ ಅವನಿಗಿಲ್ಲ. ದಿವಾಳಿಯ ಶಾಸನವಾದರೋ ಇನ್ನೂ ಸ್ಪಷ್ಟವಾಗಿ ಹೇಳುತ್ತದೆ: ದಿವಾಳಿಯಾದವಳಿಗೆ ದೊರೆಯುವ ವಿಮೋಚನೆ ಅವಳೊಡನೆ ಜಂಟಿಯಾಗಿ ಕಟ್ಟುಬಿದ್ದವನನ್ನು, ಅವಳಿಗೆ ಜಾಮೀನು ನಿಂತವನನ್ನು ಬಿಡುಗಡೆ ಮಾಡುವುದಿಲ್ಲ. ಅಂದರೆ ಹೆಂಡತಿ ಪಾಪರ್ ಚೀಟಿ ಪಡೆದು ಉಸಿರುಬಿಟ್ಟ ದಿನವೇ ಆ ಸಾಲದ ಪೂರ್ಣಭಾರವು ಗಂಡನ ಹೆಗಲಿಗೆ ಬರುತ್ತದೆ. ಅವನ ಪಗಾರಕ್ಕೆ ರಕ್ಷೆಯಿದ್ದೀತು. ಅವನ ಹೆಸರಿನ ನಿವೇಶನಕ್ಕೆ, ಉಳಿತಾಯಕ್ಕೆ, ಪಾಲಿನ ಆಸ್ತಿಗೆ ಆ ರಕ್ಷೆಯಿಲ್ಲ. ಮನೆಯನ್ನು ಬ್ಯಾಂಕಿಗೆ ಅಡವಿಟ್ಟಿದ್ದರೆ 2002ರ ಸರ್ಫೇಸಿ ಶಾಸನದ ಮೇರೆಗೆ ನ್ಯಾಯಾಲಯಕ್ಕೆ ದಾವೆ ಹೋಗದೆಯೇ ಬ್ಯಾಂಕು ಅದನ್ನು ವಶಪಡಿಸಿಕೊಂಡು ಮಾರಬಹುದು. ಕೃಷಿಭೂಮಿಗೆ ಮಾತ್ರ ಆ ಶಾಸನ ಅನ್ವಯಿಸುವುದಿಲ್ಲ.

ಸಹಿಯ ಇನ್ನೊಂದು ರೂಪ ಚೆಕ್ಕು. ಗಂಡ ಗಡಿಗೆ ಹಿಂದಿರುಗುವ ಮುನ್ನ ಮನೆಯ ಖರ್ಚಿಗೆಂದು ಹತ್ತಾರು ಹಾಳೆಗಳಿಗೆ ಖಾಲಿ ಸಹಿ ಹಾಕಿ ಹೆಂಡತಿಯ ಕೈಗೆ ಕೊಟ್ಟುಹೋಗುವುದು ನಮ್ಮಲ್ಲಿ ಸಾಮಾನ್ಯ. ಅದು ಅವನ ವಿಶ್ವಾಸದ ಗುರುತು, ಮೆಚ್ಚತಕ್ಕದ್ದೇ. ಆದರೆ ಕಷ್ಟ ಬಂದಾಗ ಆ ಹಾಳೆಗಳಲ್ಲಿ ಒಂದೆರಡು ಸಾಲ ಕೊಟ್ಟವನ ಪೆಟ್ಟಿಗೆಗೆ ಹೋಗಿ ಸೇರುತ್ತವೆ. ಸಾಲಕ್ಕಾಗಿ ಕೊಟ್ಟ ಚೆಕ್ಕು ಹಣವಿಲ್ಲದೆ ಹಿಂದಿರುಗಿ, ನೋಟೀಸು ಕೊಟ್ಟ ಮೇಲೂ ಹಣ ಸಲ್ಲದಿದ್ದರೆ, ಹಸ್ತಾಂತರ ಪತ್ರಗಳ ಶಾಸನದ 138ನೆಯ ಪ್ರಕರಣದಂತೆ ಅದು ಅಪರಾಧ. ಎರಡು ವರ್ಷಗಳವರೆಗೆ ಸೆರೆ, ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ. ಸೈನಿಕನನ್ನು ಸಾಲಕ್ಕಾಗಿ ಬಂಧಿಸಕೂಡದೆಂಬ ಸೇನಾ ಶಾಸನದ ರಕ್ಷೆ ಸಿವಿಲ್ ಮತ್ತು ಕಂದಾಯ ನ್ಯಾಯಾಲಯಗಳ ಆಜ್ಞೆಗೆ ಮಾತ್ರ ಸಂಬಂಧಿಸಿದ್ದು; ಅಪರಾಧದ ಮೊಕದ್ದಮೆಯ ಎದುರಿನಲ್ಲಿ ಅದು ಅಡ್ಡ ಬರುವುದಿಲ್ಲ. ಚೆಕ್ಕಿನಲ್ಲಿ ಯಾರ ಸಹಿಯಿದೆಯೋ ಸಮನ್ಸು ಅವರ ಹೆಸರಿಗೆ ಬರುತ್ತದೆ. ಅಂಗಡಿಯ ಸಾಲ ಯಾರದೆಂಬ ವಾದ ಆಮೇಲೆ. ಲಡಾಖಿನ ಹಿಮದಲ್ಲಿ ಕಾವಲು ನಿಂತವನಿಗೆ ತಾನು ಕೇಳಿಯೇ ಇರದ ವ್ಯವಹಾರದಲ್ಲಿ ತಾನು ಆರೋಪಿಯೆಂಬ ಸುದ್ದಿ ಮುಟ್ಟುವುದು ಹೀಗೆ.

ಈ ಎಲ್ಲಕ್ಕಿಂತ ಹೆಚ್ಚು ನೋವಿಗೆ ಕಾರಣವಾಗುವುದು ನಿವೇಶನದ ಸಂಗತಿಯೆಂದು ನನಗೆ ತೋರುತ್ತದೆ. ಸೈನಿಕನು ಹದಿನೈದು ಇಪ್ಪತ್ತು ವರ್ಷ ಕೂಡಿಟ್ಟ ಹಣದಲ್ಲಿ ಊರಿನ ಅಂಚಿನಲ್ಲಿ ಒಂದು ನಿವೇಶನ ಕೊಳ್ಳುತ್ತಾನೆ. ನೋಂದಣಿಯ ದಿನ ಅವನಿಗೆ ರಜೆಯಿರುವುದಿಲ್ಲ. ಉಪನೋಂದಣಾಧಿಕಾರಿಯ ಕಚೇರಿಗೆ ಹೋಗಿ ಹೆಬ್ಬೆಟ್ಟು ಒತ್ತುವುದಕ್ಕೆ ಹೆಂಡತಿ ಊರಿನಲ್ಲಿಯೇ ಇದ್ದಾಳೆ. ನಾಳೆ ತನಗೇನಾದರೂ ಆದರೆ ಅವಳು ಬೀದಿಗೆ ಬೀಳಬಾರದೆಂಬ ಪ್ರೀತಿಯೂ ಇದೆ. ಕ್ರಯಪತ್ರ ಅವಳ ಹೆಸರಿಗಾಗುತ್ತದೆ. ಮುಂದೆ ಅವಳು ದಿವಾಳಿಯಾದಾಗ ರಿಸೀವರನು ನೋಡುವುದು ಕ್ರಯಪತ್ರವನ್ನು. ಅದರ ಹಿಂದಿರುವ ಇಪ್ಪತ್ತು ವರ್ಷದ ಚಳಿಯನ್ನು ಅವನು ನೋಡಲಾರ, ನೋಡಬೇಕೆಂದು ಕಾನೂನು ಅವನಿಗೆ ಹೇಳಿಯೂ ಇಲ್ಲ. ತನಗೆ ತಿಳಿದ ಮೂಲದ ಹಣದಿಂದ ಹೆಂಡತಿಯ ಹೆಸರಿನಲ್ಲಿ ಕೊಂಡ ಆಸ್ತಿಯನ್ನು ಬೇನಾಮಿ ಶಾಸನ ಬೇನಾಮಿಯೆಂದು ಎಣಿಸುವುದಿಲ್ಲವಾದುದರಿಂದ, ಇದು ನನ್ನ ಹಣ, ಅವಳದು ಹೆಸರು ಮಾತ್ರ ಎಂದು ಗಂಡನು ನ್ಯಾಯಾಲಯದ ಮುಂದೆ ಹೇಳಿಕೊಳ್ಳಲು ಆಸ್ಪದವುಂಟು. ಆದರೆ ರುಜುವಾತಿನ ಭಾರ ಅವನ ಮೇಲೆಯೇ. ಪ್ರೀತಿಯಿಂದ ಅವಳಿಗೇ ಕೊಟ್ಟೆನೆಂದು ಒಮ್ಮೆ ಎಲ್ಲಿಯಾದರೂ ಬರೆದಿದ್ದರೆ ಆ ವಾದವೂ ಬಿದ್ದುಹೋಗುತ್ತದೆ. ಹಣವು ಯಾವ ಖಾತೆಯಿಂದ ಯಾವ ದಿನ ಹೋಯಿತೆಂಬ ಪಾಸ್‌ಬುಕ್ಕಿನ ಒಂದು ಹಾಳೆಯೇ ಆಗ ಸಾಕ್ಷಿ. ಗಂಡಹೆಂಡಿರ ಜಂಟಿ ಖಾತೆಗೂ ಇದೇ ಮಾತು: ಅದರೊಳಗಿನ ಹಣದಲ್ಲಿ ಪಗಾರದ್ದೆಷ್ಟು, ಅಂಗಡಿಯದೆಷ್ಟು ಎಂಬುದು ಬೆರೆತುಹೋಗಿದ್ದರೆ ಬೇರ್ಪಡಿಸಿ ತೋರಿಸುವುದು ಕಷ್ಟದ ಕೆಲಸ. ಪಗಾರಕ್ಕೆ ಪ್ರತ್ಯೇಕ ಖಾತೆ, ವ್ಯಾಪಾರಕ್ಕೆ ಪ್ರತ್ಯೇಕ ಖಾತೆ ಇಟ್ಟುಕೊಳ್ಳುವುದು ಅಪನಂಬಿಕೆಯಲ್ಲ. ಇಬ್ಬರನ್ನೂ ಕಾಯುವ ವಿವೇಕ.

ಗಾಬರಿಯಲ್ಲಿ ಕೆಲವರು ಮಾಡುವ ಒಂದು ಕೆಲಸವನ್ನು ಇಲ್ಲಿಯೇ ಹೇಳಬೇಕು. ಸಾಲದವರ ಕೈಗೆ ಸಿಕ್ಕದಿರಲೆಂದು ನಿವೇಶನವನ್ನು ಅವಸರವಸರವಾಗಿ ಗಂಡನ ಹೆಸರಿಗೋ ತಮ್ಮನ ಹೆಸರಿಗೋ ದಾನಪತ್ರ ಮಾಡಿಬಿಡುತ್ತಾರೆ. ಹಾಗೆ ಹಣ ಪಡೆಯದೆ ಮಾಡಿದ ವರ್ಗಾವಣೆಯ ದಿನದಿಂದ ಎರಡು ವರ್ಷಗಳೊಳಗೆ ಸಲ್ಲಿಸಿದ ಅರ್ಜಿಯ ಮೇಲೆ ವರ್ಗಾಯಿಸಿದವರು ದಿವಾಳಿಯೆಂದು ನಿರ್ಣಯವಾದರೆ, ಪ್ರಾಂತೀಯ ದಿವಾಳಿ ಶಾಸನದ 53ನೆಯ ಪ್ರಕರಣದ ಪ್ರಕಾರ ನ್ಯಾಯಾಲಯ ಅದನ್ನು ರದ್ದುಗೊಳಿಸಬಹುದು. ಆಸ್ತಿ ಉಳಿಯುವುದಿಲ್ಲ, ಬಚ್ಚಿಟ್ಟಳೆಂಬ ಅಪವಾದ ಮಾತ್ರ ಉಳಿದು, ವಿಮೋಚನೆಯ ಅರ್ಜಿಗೆ ಅದೇ ಅಡ್ಡಗಾಲಾಗುತ್ತದೆ.

ಸಾಲಗಾರನು ಗಂಡನೇ ಆಗಿದ್ದರೆ ಚಿತ್ರ ತಿರುಗುಮುರುಗಾಗುತ್ತದೆ. ಅವನ ಪಗಾರ ರಿಸೀವರನಿಗೆ ಹೋಗುವುದಿಲ್ಲ. ಅವಳ ಸ್ತ್ರೀಧನ, ತವರಿನ ಪಾಲು ಅವನ ಸಾಲಕ್ಕೆ ಸಂಬಂಧಿಸಿದವಲ್ಲ. ಇಲ್ಲಿ 1874ರ ವಿವಾಹಿತ ಸ್ತ್ರೀಯರ ಆಸ್ತಿ ಶಾಸನವೆಂಬ ಹಳೆಯ ಕಾನೂನೊಂದು ಅಪೂರ್ವವಾದ ಉಪಕಾರ ಮಾಡುತ್ತದೆ. ಗಂಡನು ತನ್ನ ಜೀವವಿಮೆಯ ಪಾಲಿಸಿಯನ್ನು ಹೆಂಡತಿ ಮಕ್ಕಳ ಹಿತಕ್ಕಾಗಿ ಎಂದು ಪಾಲಿಸಿಯ ಮೇಲೆಯೇ ಬರೆಯಿಸಿ ಮಾಡಿಸಿದರೆ, ಅದರ 6ನೆಯ ಪ್ರಕರಣದಂತೆ ಅದು ಅವರ ಪರವಾದ ನ್ಯಾಸವಾಗುತ್ತದೆ. ಸಾಲದವರಿಗೆ ವಂಚಿಸುವ ಉದ್ದೇಶದಿಂದ ಮಾಡಿದ್ದಲ್ಲದಿದ್ದರೆ, ಅವರ ಕೈ ಅಲ್ಲಿಗೆ ನಿಲುಕುವುದಿಲ್ಲ. 1923ರ ತಿದ್ದುಪಡಿಯಿಂದ ಹಿಂದೂ, ಮುಸಲ್ಮಾನ, ಸಿಖ್, ಜೈನರಿಗೂ ಅನ್ವಯವಾಗಿರುವ ಈ ಅನುಕೂಲವನ್ನು ಎಷ್ಟು ಮನೆಗಳವರು ಕೇಳಿದ್ದಾರು? ವಿಮೆಯ ಅರ್ಜಿ ತುಂಬುವಾಗ ಒಂದು ಹೆಚ್ಚಿನ ಪತ್ರ ತುಂಬುವಷ್ಟೇ ಅದರ ಶ್ರಮ.

ಸೇವೆಯಿಂದ ಬಿಡುಗಡೆಯಾಗಿ ಬಂದ ಮೇಲೆ ದಂಪತಿಗಳು ಸೇರಿ ಸಣ್ಣದೊಂದು ಕಂಪನಿ ಕಟ್ಟುವುದೂ ಈಗ ಹೆಚ್ಚುತ್ತಿದೆ. ಕಂಪನಿಗೆ ಬ್ಯಾಂಕು ಸಾಲ ಕೊಡುವಾಗ ನಿರ್ದೇಶಕರ ವೈಯಕ್ತಿಕ ಜಾಮೀನನ್ನು ಕೇಳುತ್ತದೆ. ಹೆಂಡತಿ ನಿರ್ದೇಶಕಿಯಾದರೆ ಅವಳದೂ, ಎಷ್ಟೋ ವೇಳೆ ಅವಳ ಗಂಡನದೂ ಸೇರುತ್ತದೆ. 2016ರ ದಿವಾಳಿ ಸಂಹಿತೆಯಲ್ಲಿ ಸಾಮಾನ್ಯ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗ ಇನ್ನೂ ಪೂರ್ಣವಾಗಿ ಜಾರಿಗೆ ಬಂದಿಲ್ಲ. ಆದರೆ ಕಂಪನಿಗಳಿಗೆ ಜಾಮೀನು ನಿಂತ ವ್ಯಕ್ತಿಗಳ ಮಟ್ಟಿಗೆ ಅದನ್ನು 2019ರ ಡಿಸೆಂಬರ್ 1ರಿಂದ ಜಾರಿಗೆ ತಂದಿದ್ದಾರೆ, 2021ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿದೆ. ಅದೇ ಸಂಹಿತೆಯಲ್ಲಿ ಅರವತ್ತು ಸಾವಿರ ರೂಪಾಯಿಗೆ ಮೀರದ ವಾರ್ಷಿಕ ಆದಾಯವೂ, ಮೂವತ್ತೈದು ಸಾವಿರಕ್ಕೆ ಮೀರದ ಸಾಲವೂ ಉಳ್ಳ ಬಡವರಿಗೆ ಸುಲಭವಾದ ಋಣವಿಮೋಚನೆಯ ಏರ್ಪಾಡೊಂದಿದೆ; ಅದು ಪುಸ್ತಕದಲ್ಲಿಯೇ ಇದೆ. ದೊಡ್ಡ ಸಾಲದ ಜಾಮೀನುದಾರನನ್ನು ಹಿಡಿಯುವ ಭಾಗ ಮೊದಲು ಬಂದು, ಸಣ್ಣ ಸಾಲದ ಬಡವನನ್ನು ಬಿಡಿಸುವ ಭಾಗ ಹಿಂದೆ ಉಳಿದುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಸಣ್ಣ ಸಾಲದ ಮಾತು ಬಂತು. ಹಳ್ಳಿಯ ಹೆಂಗಸರ ಗುಂಪುಗಳಿಗೆ ಮನೆಬಾಗಿಲಿಗೇ ಬಂದು ಹಣ ಕೊಡುವ ಕಿರುಸಾಲದ ಕಂಪನಿಗಳಿಗೆ ರಿಸರ್ವ್ ಬ್ಯಾಂಕು 2022ರಲ್ಲಿ ಒಂದು ಕಟ್ಟಳೆ ಹಾಕಿತು: ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿದ ಕುಟುಂಬದ ವರಮಾನ ವರ್ಷಕ್ಕೆ ಮೂರು ಲಕ್ಷ ಮೀರಬಾರದು, ಎಲ್ಲ ಸಾಲಗಳ ಕಂತು ಸೇರಿ ತಿಂಗಳ ವರಮಾನದ ಅರ್ಧವನ್ನು ದಾಟಬಾರದು. ಏಳನೆಯ ವೇತನ ಆಯೋಗದ ಪ್ರಕಾರ ಸಿಪಾಯಿಯ ಆರಂಭದ ಮೂಲವೇತನ 21,700 ರೂಪಾಯಿ, ಸೈನಿಕ ಸೇವಾ ವೇತನ 5,200. ತುಟ್ಟಿಭತ್ಯವನ್ನು ಬಿಟ್ಟರೂ ವರ್ಷಕ್ಕೆ 3,22,800 ಆಯಿತು. ಅಂದರೆ ಸೇವೆಯಲ್ಲಿರುವ ಸೈನಿಕನ ಮನೆಗೆ ಕಿರುಸಾಲವೆಂಬ ಹೆಸರಿನ ಸಾಲ ಸಲ್ಲತಕ್ಕದ್ದೇ ಅಲ್ಲ. ಆದರೂ ಅಂಥ ಮನೆಯಲ್ಲಿ ಎರಡು ಮೂರು ಗುಂಪುಗಳ ಕಂತಿನ ಪುಸ್ತಕ ಕಂಡುಬಂದರೆ, ಅರ್ಜಿಯಲ್ಲಿ ಗಂಡನ ವರಮಾನವನ್ನು ಯಾರೋ ಬರೆಯದೆ ಬಿಟ್ಟಿದ್ದಾರೆಂದೇ ತಿಳಿಯಬೇಕು. ಇಂಥ ಸಾಲದ ವಸೂಲಿಗೆ ಬೆಳಗ್ಗೆ ಒಂಬತ್ತಕ್ಕೆ ಮೊದಲು, ಸಂಜೆ ಆರರ ಮೇಲೆ ಮನೆಗೆ ಬರುವಂತಿಲ್ಲ. ಬಲಾತ್ಕಾರದ ವಸೂಲಿಯನ್ನು ತಡೆಯಲು ಕರ್ನಾಟಕ ಸರಕಾರವೂ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಮುಂದೆ ಅದನ್ನು ಶಾಸನವಾಗಿಸಿತು. "ನಿನ್ನ ಗಂಡನ ಸಾಹೇಬರಿಗೆ ಕಾಗದ ಬರೀತೀವಿ" ಎಂಬ ಬೆದರಿಕೆ ಸೈನಿಕರ ಮನೆಗಳಲ್ಲಿ ಕೇಳುವಂಥದು. ಹೆಂಡತಿಯ ದಿವಾಳಿ ಗಂಡನ ಅಪರಾಧವಲ್ಲ ಎಂಬುದನ್ನು ಅವಳು ತಿಳಿದಿದ್ದರೆ ಆ ಮಾತಿನ ವಿಷ ಅರ್ಧ ಇಳಿದೀತು.

ಅಮೆರಿಕದಲ್ಲಿ ಇದೇ ವಿಷಯ ಬೇರೊಂದು ದಾರಿ ಹಿಡಿದಿದೆ. ಅಲ್ಲಿ ಕ್ಯಾಲಿಫೋರ್ನಿಯಾ, ಟೆಕ್ಸಾಸ್, ವಾಷಿಂಗ್ಟನ್ ಸೇರಿದಂತೆ ಒಂಬತ್ತು ಸಂಸ್ಥಾನಗಳಲ್ಲಿ ಮದುವೆಯ ಕಾಲದಲ್ಲಿ ಗಳಿಸಿದುದು ಸಾಮಾನ್ಯವಾಗಿ ದಂಪತಿಗಳಿಬ್ಬರ ಸಮುದಾಯದ ಆಸ್ತಿ; ಆದುದರಿಂದ ಒಬ್ಬರ ದಿವಾಳಿ ಅರ್ಜಿ ಮತ್ತೊಬ್ಬರ ಗಳಿಕೆಯನ್ನೂ ಒಳಗೆಳೆಯುತ್ತದೆ. ದೊಡ್ಡ ದೊಡ್ಡ ಸೇನಾನೆಲೆಗಳಲ್ಲಿ ಕೆಲವು ಇರುವುದೂ ಅಲ್ಲಿಯೇ. ಗುಪ್ತ ವಿಷಯಗಳನ್ನು ನೋಡುವ ಅನುಮತಿಗೆ ಸೈನಿಕನ ಹಣಕಾಸಿನ ಸ್ಥಿತಿಯನ್ನೂ ಪರಿಶೀಲಿಸುವುದರಿಂದ ಸಾಲದ ಚಿಂತೆ ಉದ್ಯೋಗದ ಚಿಂತೆಯಾಗುತ್ತದೆ. ಅದರೊಡನೆ ಸೇವೆಗೆ ಸೇರುವುದಕ್ಕೆ ಮುಂಚೆ ಸೈನಿಕನು, ಅಥವಾ ಅವನೂ ಹೆಂಡತಿಯೂ ಕೂಡಿ, ಮಾಡಿದ ಸಾಲದ ಬಡ್ಡಿ ಸೇವೆಯ ಕಾಲದಲ್ಲಿ ನೂರಕ್ಕೆ ಆರನ್ನು ಮೀರಕೂಡದೆಂಬ ನಿಯಮವೂ ಅಲ್ಲಿದೆ. ನಮ್ಮಲ್ಲಿ ಪಗಾರಕ್ಕೆ ಅವರಿಗಿಂತ ಗಟ್ಟಿಯಾದ ಗೋಡೆಯಿದೆ; ಬಡ್ಡಿಗೆ ಅಂಥ ಮಿತಿಯಿಲ್ಲ.

ದಾವೆ ಬಂದಾಗ ಗಂಡ ಊರಿನಲ್ಲಿಲ್ಲದಿರುವುದು ಈ ಕುಟುಂಬಗಳ ವಿಶೇಷ ಸಂಕಟ. ಅದಕ್ಕೆ ಶಾಸನಕರ್ತರು ಹಿಂದೆಯೇ ಯೋಚಿಸಿದ್ದಾರೆ. ಯುದ್ಧದಂತಹ ವಿಶೇಷ ಪರಿಸ್ಥಿತಿಯಲ್ಲಿ ಸೇವೆಮಾಡುತ್ತಿರುವ ಸೈನಿಕನು ಪಕ್ಷಗಾರನಾಗಿರುವ ದಾವೆಯಲ್ಲಿ ಅವನ ಪರವಾಗಿ ಯಾರೂ ಇಲ್ಲದಿದ್ದರೆ ನ್ಯಾಯಾಲಯ ವಿಚಾರಣೆಯನ್ನು ಮುಂದೂಡಬೇಕೆಂದೂ, ಅವನ ಅನುಪಸ್ಥಿತಿಯಲ್ಲಿ ಆದ ಡಿಕ್ರಿಯನ್ನು ರದ್ದುಮಾಡಿಸಿಕೊಳ್ಳಲು ಅವಕಾಶವಿರಬೇಕೆಂದೂ 1925ರ ಭಾರತೀಯ ಸೈನಿಕರ ವ್ಯಾಜ್ಯ ಶಾಸನ ವಿಧಿಸುತ್ತದೆ. ಆದರೆ ಈ ರಕ್ಷೆ ಸೈನಿಕನು ಪಕ್ಷಗಾರನಾಗಿದ್ದಾಗ ಮಾತ್ರ. ಹೆಂಡತಿಯೊಬ್ಬಳ ಮೇಲಿನ ದಾವೆಗಿಲ್ಲ. ಸಿವಿಲ್ ಸಂಹಿತೆಯ 28ನೆಯ ಆದೇಶದ ಪ್ರಕಾರ, ರಜೆ ದೊರೆಯದ ಸೈನಿಕನು ತನ್ನ ದಳದ ನಾಯಕನ ಎದುರಿನಲ್ಲಿ ಸಹಿ ಮಾಡಿದ ಪತ್ರದ ಮೂಲಕ ತನ್ನ ಪರವಾಗಿ ಮೊಕದ್ದಮೆ ನಡೆಸಲು ಯಾರನ್ನಾದರೂ ನೇಮಿಸಬಹುದು, ಹೆಂಡತಿಯನ್ನೂ ನೇಮಿಸಬಹುದು. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಕೇಳಿದರೆ ಮುಂದಿನ ದಾರಿ ತಿಳಿಯುತ್ತದೆ.

ಇವೆಲ್ಲವೂ ಕೆಲಸಕ್ಕೆ ಬರಬೇಕಾದರೆ ಗಂಡನಿಗೆ ಸಂಗತಿ ತಿಳಿದಿರಬೇಕು. ಬಂದೂಕು ಹಿಡಿದು ನಿಂತವನ ಮನಸ್ಸನ್ನು ಕದಡಬಾರದೆಂಬ ಅವಳ ಮಮತೆಯನ್ನು ನಾನು ಕಡಿಮೆ ಮಾಡಿ ಹೇಳಲಾರೆ. ಅದು ಸೈನಿಕರ ಮನೆಯ ಹೆಂಗಸರು ತಲೆಮಾರುಗಳಿಂದ ಪಾಲಿಸಿಕೊಂಡು ಬಂದ ವ್ರತ. ಆದರೆ ಕಾವಲಿನ ಹೊತ್ತಿನಲ್ಲಿ ಅನ್ಯರಿಂದ, ಸಮನ್ಸಿನ ರೂಪದಲ್ಲಿ, ಸಂಗತಿ ತಿಳಿದಾಗ ಅವನ ಮನಸ್ಸು ಕದಡುವಷ್ಟು ಹೆಂಡತಿಯ ಬಾಯಿಂದ ಕೇಳಿದಾಗ ಕದಡದು.

ನಾವು ಕಲ್ಪಿಸಿಕೊಂಡ ಆ ಮನೆಗೆ ಹಿಂದಿರುಗೋಣ. ಹವಾಲ್ದಾರನಿಗೆ ವರ್ಷಕ್ಕೆ ಎರಡು ತಿಂಗಳ ರಜೆ. ಬಂದ ಮೂರನೆಯ ದಿನ, ಅತ್ತೆ ಮಕ್ಕಳು ಮಲಗಿದ ಮೇಲೆ, ಪಡಸಾಲೆಯ ಚಾಪೆಯ ಮೇಲೆ ಕಂತಿನ ಪುಸ್ತಕಗಳು, ಪಾಸ್‌ಬುಕ್ಕು, ಕ್ರಯಪತ್ರ ಎಲ್ಲವನ್ನೂ ಅವಳೇ ತಂದು ಹರಡುತ್ತಾಳೆ. ಅವನು ಮಾತಾಡದೆ ಒಂದೊಂದನ್ನೇ ತಿರುವಿಹಾಕಿ, ಕೊನೆಗೆ ಚೆಕ್ಕಿನ ಪುಸ್ತಕವನ್ನು ತೆಗೆದುಕೊಂಡು ಹಾಳೆಗಳನ್ನು ಎಣಿಸುತ್ತಾನೆ. ನಾಲ್ಕು ಕಡಿಮೆಯಿವೆ.

"ಅವೂ ಯಾರ ಹತ್ರ ಅದಾವ ಹೇಳಿಬಿಡ್ತೀನ್ರಿ," ಎನ್ನುತ್ತಾಳೆ ಅವಳು.

ಅವನು ಮಗನ ಶಾಲೆಯ ಚೀಲದಿಂದ ಪೆನ್ಸಿಲನ್ನೂ ಒಂದು ನೋಟುಪುಸ್ತಕವನ್ನೂ ತೆಗೆದುಕೊಳ್ಳುತ್ತಾನೆ.

"ಹೇಳು. ಬರಕೊಂತೀನಿ."